ಒಂದೇ ಕೈಬರಹದ ಚೀಟಿಗಳು

ನಾನು ಓದಿದ ಕಾನ್ವೆಂಟಿನಲ್ಲಿ ಕೈಬರಹಕ್ಕೆ ಬೇರೆ ಅಂಕ ಕೊಡುತ್ತಿದ್ದರು. ಅಕ್ಷರದ ಬಾಲ ಗೆರೆಯ ಕೆಳಗೆ ಎಷ್ಟು ಇಳಿಯಬೇಕು, ಎಲ್ಲಿ ತಿರುಗಬೇಕು ಎಂದು ಸಿಸ್ಟರ್ ಸ್ಕೇಲು ಹಿಡಿದು ತೋರಿಸುತ್ತಿದ್ದರು. ಹಾಗಾಗಿ ಇವತ್ತಿಗೂ ಯಾವ ಕಾಗದ ಕೈಗೆ ಬಂದರೂ ಮೊದಲು ನನ್ನ ಕಣ್ಣಿಗೆ ಬೀಳುವುದು ಅಕ್ಷರ. ಏನು ಬರೆದಿದೆ ಎಂಬುದು ಆಮೇಲೆ. ಹಾಲಿನವನ ಚೀಟಿ, ಮದುವೆಯ ಕರೆಯೋಲೆ, ದವಾಖಾನೆಯ ಕಾಗದ, ಎಲ್ಲದಕ್ಕೂ ಹೀಗೇ. ಇದನ್ನು ಒಂದು ಗುಣ ಎಂದುಕೊಂಡಿದ್ದೆ.

ನಮ್ಮ ಓಣಿಯಲ್ಲಿ ಒಬ್ಬರಿದ್ದಾರೆ. ಬೀದರಿನ ಕೋಟೆ, ಗುಮ್ಮಟಗಳನ್ನು ತೋರಿಸುವ ಗೈಡುಗಳನ್ನು ಒದಗಿಸುವ ಒಂದು ಪ್ರವಾಸಿ ಸಂಘಕ್ಕೆ ಅವರು ವ್ಯವಸ್ಥಾಪಕರು. ಗಾಂಧಿ ಗಂಜಿನಲ್ಲಿ ಧಾನ್ಯದ ಅಡತಿ ಅಂಗಡಿ ಇಟ್ಟಿರುವ ನನ್ನ ಗಂಡನಿಗೆ ಅವರು ಚಹಾದ ಜೊತೆಗಾರರು. ಒಂದು ಭಾನುವಾರ ಮನೆಗೆ ಬಂದು ನನ್ನನ್ನೇ ಕೇಳಿದರು.

"ವೈನಿ, ಗೈಡುಗಳ ಕೆಲಸಾ ಅಳೀಲಾಕ ಒಂದು ಕಮಿಟಿ ಮಾಡೇವಿ. ಅದರಾಗ ಒಬ್ರು ಹೆಣ್ಮಕ್ಕಳು ಇರಬೇಕಂತ ಮ್ಯಾಲಿನವರ ಹುಕುಂ ಅದ. ನೀವು ಕಾನ್ವೆಂಟಿನಾಗ ಓದಿದೋರು. ಸುಮ್ನ ಬಂದು ಕುಂದರ್ರಿ, ಸಾಕು."

ಸುಮ್ಮನೆ ಕೂತಿದ್ದರೆ ಸಾಕಾಗಿತ್ತು.

ಹೊರಗಿನಿಂದ ಬಂದ ತಜ್ಞನೊಬ್ಬ ಆ ಸಂಘಕ್ಕೆ ಒಂದು ನಮೂನೆ ಮಾಡಿ ಕೊಟ್ಟು ಹೋಗಿದ್ದ. ತಲೆಬರಹ 'ಮಾನವ ಸಂಪನ್ಮೂಲ ಪರಿಣಾಮಕಾರಿತ್ವ'. ವ್ಯವಸ್ಥಾಪಕರು ಅದನ್ನು ಓದುವಾಗ ಕೊನೆಯ 'ತ್ವ'ದ ಹತ್ತಿರ ಪ್ರತಿ ಸಲ ಎಡವುತ್ತಿದ್ದರು. ಗೈಡುಗಳು ಅದನ್ನು ಮಾರ್ಕ್ಸ್ ಕಾರ್ಡು ಎಂದೇ ಕರೆಯುತ್ತಿದ್ದರು. ಕೋಟೆ ನೋಡಿದ ಪ್ರವಾಸಿಗಳು ತಮ್ಮ ಅಭಿಪ್ರಾಯ ತಿಳಿಸಬೇಕು. ಮೊದಲು ಅದನ್ನು ಫೋನಿನಲ್ಲಿ ಒತ್ತಿಸುವ ಯೋಜನೆ ಇತ್ತಂತೆ. ಕೋಟೆಯ ಗೋಡೆ ದಾಟಿದರೆ ಸಿಗ್ನಲ್ ಸಿಗುವುದಿಲ್ಲ, ಅದಕ್ಕೇ ಚೀಟಿಗೆ ಬಂದು ನಿಂತಿತ್ತು. ಗೈಡುಗಳೆಲ್ಲ ಗುತ್ತಿಗೆಯವರು. ಯಾರ ಹೆಸರಿಗೆ ಒಳ್ಳೆಯ ಚೀಟಿ ಸಾಕಷ್ಟು ಬಂದಿವೆಯೋ ಅವರ ಗುತ್ತಿಗೆ ಮುಂದಿನ ವರ್ಷಕ್ಕೆ ಮುಂದುವರಿಯುತ್ತದೆ, ಉಳಿದವರದು ಅಲ್ಲಿಗೆ ಮುಗಿಯುತ್ತದೆ. ಕಮಿಟಿ ಸೇರಿದ ಆ ಕೋಣೆಯಲ್ಲಿ ಕೂತು ಅಳೆಯುತ್ತಿದ್ದ ಯಾರೂ ಒಬ್ಬ ಗೈಡಿನ ಹಿಂದೆ ಕೋಟೆ ಸುತ್ತಿದವರಲ್ಲ. ನಾನೂ ಇಲ್ಲ. ಬೀದರಿನಲ್ಲಿ ಹುಟ್ಟಿದವರು ಕೋಟೆಗೆ ಹೋಗುವುದು ನೆಂಟರು ಬಂದಾಗ, ಅದೂ ಬುತ್ತಿ ಕಟ್ಟಿಕೊಂಡು.

ಒಬ್ಬೊಬ್ಬರ ಚೀಟಿಗೂ ರಬ್ಬರ್ ಹಾಕಿ ಮೇಜಿನ ಮೇಲೆ ಇಟ್ಟಿದ್ದರು. ಎಲ್ಲದಕ್ಕಿಂತ ದಪ್ಪನೆಯ ಕಟ್ಟು ನನ್ನ ಮುಂದೆ ಬಂತು. ಹಸಿರು ಶಾಯಿ. ಸಾಲು ಎಲ್ಲಿಯೂ ಓರೆ ಇಲ್ಲ. 'ಳ' ಅಕ್ಷರದ ಕೊನೆಯ ಸುತ್ತನ್ನು ಬಸವನ ಹುಳುವಿನ ಹಾಗೆ ಒಳಕ್ಕೆ ಎಳೆದು ಮುಚ್ಚಿತ್ತು. ಎರಡನೇ ಚೀಟಿಯಲ್ಲೂ ಅದೇ 'ಳ', ಮೂರನೆಯದರಲ್ಲೂ. ಯಾವುದರಲ್ಲೂ ಸಹಿ ಇಲ್ಲ, ಕೆಲವದರಲ್ಲಿ ಊರಿನ ಹೆಸರು ಮಾತ್ರ.

"ಸರ್, ಇವೆಲ್ಲಾ ಒಬ್ಬರೇ ಬರದಂಗ ಅದಾವಲ್ಲ," ಎಂದೆ.

ಅಂದಾಗ ನನಗಾದ ಸುಖ ನೆನಪಿದೆ. ಮನೆಯಲ್ಲಿ ನಾನು ಏನಾದರೂ ಗಮನಿಸಿದರೆ ಯಾರೂ ತಲೆ ಎತ್ತುವುದಿಲ್ಲ. ಇಲ್ಲಿ ವ್ಯವಸ್ಥಾಪಕರು ಚಹಾದ ಬಸಿಯನ್ನೇ ಕೆಳಗಿಟ್ಟರು. ಚೀಟಿಗಳನ್ನು ಬೆಳಕಿಗೆ ಹಿಡಿದು ನೋಡಿದರು.

"ವಾ ವೈನಿ. ನಮಗ ಒಬ್ರಿಗೂ ಕಂಡಿದ್ದಿಲ್ಲ ನೋಡ್ರಿ. ಈಕಿ ತನ್ನ ಚೀಟಿ ತಾನೇ ಬರಕೊಂಡಾಳ. ಅದಕ್ಕೇ ಕಟ್ಟು ಹಿಂಗ ಉಬ್ಬೇದ." ಆಮೇಲೆ ಒಂದು ಬಿಳಿ ಹಾಳೆ ನನ್ನ ಕಡೆ ಸರಿಸಿದರು. "ಇದನ್ನೇ ಛಂದಾಗಿ ಇಂಗ್ಲಿಷಿನಾಗ ನಾಕು ಸಾಲು ಬರದು ಕೊಡ್ರಿ. ನೋಟೀಸಿನಾಗ ಹಾಕ್ತೇನಿ."

ಬರೆದು ಕೊಟ್ಟೆ. ಬಾಲಗಳೆಲ್ಲ ಗೆರೆಯ ಕೆಳಗೆ ಸರಿಯಾಗಿ ಇಳಿದಿದ್ದವು.

ನಾಲ್ಕು ದಿನದ ನಂತರ ಮಧ್ಯಾಹ್ನ ಮನೆಯ ಗೇಟಿನ ಸದ್ದಾಯಿತು. ಮೂವತ್ತರ ಒಳಗಿನ ಹೆಣ್ಣುಮಗಳು. ನೀಲಿ ಸೀರೆ, ಕೊರಳಲ್ಲಿ ಸಂಘದ ಗುರುತಿನ ಚೀಟಿ. ಅದರ ದಾರ ಹರಿದಲ್ಲಿ ಗಂಟು ಹಾಕಿತ್ತು. ಕೈಯಲ್ಲಿ ನೋಟೀಸು.

"ಮೇಡಂ, ಈ ಇಂಗ್ಲಿಷ್ ನಿಮ್ದೇನ್ರಿ?"

"ಹೌದು."

"ಭಾಳ ಛಂದ ಅದ. ನಮ್ಮ ಆಫೀಸಿನೋರಿಗೆ ಇಷ್ಟು ಸಾಫ್ ಬರಿಲಾಕ ಬರಲ್ಲ. ಅದಕ್ಕೇ ಯಾರ್ದು ಅಂತ ಕೇಳ್ಕೋತ ಬಂದೆ."

ಒಳಗೆ ಬನ್ನಿ ಎಂದೆ. ಬರಲಿಲ್ಲ. ಮೆಟ್ಟಿಲಿನ ಕೆಳಗೇ ನಿಂತಳು.

"ಚೀಟಿ ಓದಿದ್ರೇನ್ರಿ?"

"ಎಲ್ಲಾ ಒಂದೇ ಅಕ್ಷರ ಇತ್ತಲ್ಲ," ಎಂದೆ. ಆಕೆಗೆ ಅಷ್ಟೇ ಸಾಕಾಯಿತು.

"ಓದಿಲ್ಲ. ಅಕ್ಷರ ನೋಡೀರಿ. ಅಕ್ಷರ ನಂದೇ, ಇಲ್ಲ ಅನ್ನಲ್ಲ. ಮಾತು ಯಾರ್ದು ಅಂತ ಕೇಳಬೇಕಿಲ್ಲೇನ್ರಿ? ಔರಾದ್ ಕಡಿಂದ, ನಮ್ಮ ಭಾಲ್ಕಿ ಹಳ್ಳಿಗೋಳಿಂದ ಟ್ರ್ಯಾಕ್ಟರಿನಾಗ ಕುಂತು ಬರ್ತಾರ. ಅದರಾಗ ಹೆಚ್ಚಿನೋರಿಗೆ ಬರಿಲಾಕ ಬರಲ್ಲ. ಬ್ಯಾರೆ ಗೈಡುಗೋಳು ಅಂಥೋರ್ನ ದೂರಿಂದ ನೋಡಿನೇ ಆ ಕಡಿ ಹೋಗ್ತಾರ, ಚೀಟಿ ಸಿಗಲ್ಲಲ್ಲ. ನಾ ಕರ್ಕೊಂಡು ಹೋಗ್ತೇನಿ. ಅವ್ರು ಹೇಳ್ತಾರ, ನಾ ಬರಿತೇನಿ. ಒಂದು ಶಬ್ದ ಹೆಚ್ಚಿಲ್ಲ, ಕಮ್ಮಿಲ್ಲ."

"ಹೆಬ್ಬಟ್ಟಾದರೂ ಒತ್ತಿಸ್ಕೋಬೇಕಿತ್ತಲ್ಲ," ಎಂದೆ.

ಆಕೆ ನಕ್ಕಳು. ಒಳ್ಳೆಯ ನಗೆಯಲ್ಲ.

"ನೀವು ಪ್ಯಾಟಿಯೋರು ಮೇಡಂ. ಆಫೀಸಿನ ಕಾಗದಕ್ಕ ಹೆಬ್ಬಟ್ಟು ಒತ್ತು ಅಂದ್ರ ಅವ್ರಿಗೆ ಹೊಲಾ ಬರಕೊಡು ಅಂದಂಗ ಕೇಳಸ್ತದ. ಕೋಟಿ ನೋಡ್ಲಾಕ ಬಂದೋರು ಚಪ್ಪಲಿ ಬಿಟ್ಟು ಓಡ್ತಾರ."

ಅಷ್ಟರಲ್ಲಿ ನಮ್ಮ ಅತ್ತೆ ಚಹಾ ತಂದರು. ಕಾಗದದ ಕಪ್ಪಿನಲ್ಲಿ. ನಮ್ಮ ಮನೆಯ ಗೂಡಿನಲ್ಲಿ ಸ್ಟೀಲಿನ ಲೋಟಗಳಿಗೆ ಕೊರತೆ ಇಲ್ಲ; ಈ ಕಪ್ಪು ಯಾವುದೋ ತೊಟ್ಟಿಲ ಕಾರ್ಯಕ್ಕೆ ತಂದು ಉಳಿದದ್ದು, ಅಟ್ಟದ ಡಬ್ಬಿಯಿಂದ ಹುಡುಕಿ ತೆಗೆದಿದ್ದರು. ಬಂದವಳು ಯಾರು, ಯಾವ ಓಣಿಯವಳು ಎಂಬುದನ್ನು ಅತ್ತೆ ಒಳಗಿನಿಂದಲೇ ಕೇಳಿ ತಿಳಿದುಕೊಂಡಿದ್ದರು. ಹಲಬರ್ಗಾದ ಬೌದ್ಧರ ಮನೆಯ ಮಗಳು, ಇತಿಹಾಸದಲ್ಲಿ ಎಂ.ಎ. ಮಾಡಿದವಳು, ಭಾಲ್ಕಿಗೆ ಸೊಸೆಯಾಗಿ ಬಂದು ದಿನಾ ರೈಲಿಗೆ ಬೀದರಿಗೆ ಬರುವವಳು. ಅತ್ತೆಗೆ ಅದರಲ್ಲಿ ಬೇಕಾದದ್ದು ಮೊದಲನೆಯದೊಂದೇ.

ಆಕೆ ಕಪ್ಪನ್ನು ನೋಡಿದಳು. ಕಿಟಕಿಯ ಕಟ್ಟೆಯ ಮೇಲೆ ನಾನು ಅರ್ಧ ಕುಡಿದು ಇಟ್ಟಿದ್ದ ಸ್ಟೀಲಿನ ಲೋಟವನ್ನೂ ನೋಡಿದಳು. ನಾನು ಎರಡನ್ನೂ ನೋಡಿದ್ದನ್ನೂ ನೋಡಿದಳು.

"ಚಹಾ ಬಿಟ್ಟೀನ್ರಿ," ಎಂದು ಅತ್ತೆಗೆ ಹೇಳಿ ನನ್ನ ಕಡೆ ತಿರುಗಿದಳು. "ನಿಮ್ಮ ಕಣ್ಣು ಭಾಳ ಚುರುಕಂತ ಹೇಳ್ಲತ್ತಿದ್ರು ಸಾಹೇಬ್ರು. ಸಣ್ಣದು ಸೈತ ಕಾಣ್ತದಂತ."

ಆ ಕೋಣೆಯಲ್ಲಿ ಯಾರೂ ಕೇಳದೆ ಬಾಯಿ ಬಿಟ್ಟವಳು ನನ್ನ ಮನೆಯ ಹೊಸ್ತಿಲಲ್ಲಿ ಕಲ್ಲಾಗಿ ನಿಂತೆ.

"ಎಂಟು ದಿನದಾಗ ಸಾಕ್ಷಿ ತರಬೇಕಂತ. ನಾ ಹಳ್ಳಿ ತಿರುಗಲಾಕ ಹೋದ್ರ ಇಲ್ಲಿ ಗೈರಹಾಜರಿ ಹಾಕ್ತಾರ, ಹೋಗ್ದಿದ್ರ ಕಳ್ಳಿ ಅಂತಾರ. ಎರಡರಾಗ ಯಾವ್ದು ಛಂದ, ಇಂಗ್ಲಿಷಿನಾಗ ಬರದು ಕೊಡ್ರಿ ಮೇಡಂ." ಗೇಟು ಹಾಕಿಕೊಂಡು ಹೋದಳು. ಮೆಲ್ಲಗೆ ಹಾಕಿದಳು, ಧಡಾರನೆ ಹಾಕಿದ್ದರೆ ವಾಸಿಯಿತ್ತು.

ಅತ್ತೆ ಇಟ್ಟುಹೋದ ಕಾಗದದ ಕಪ್ಪು ಕಟ್ಟೆಯ ಮೇಲೆ ಹಾಗೇ ಇತ್ತು. ಅತ್ತೆಯೊಡನೆ ಆ ಸಂಜೆ ಮಾತಿಗೆ ಮಾತು ಬೆಳೆಯಿತು. "ನಾ ಚಹಾ ಕೊಟ್ಟೀನಿ. ನೀ ನೌಕರಿ ಕಸಕೊಂಡಿ. ಯಾರ್ದು ದೊಡ್ಡದು?" ಎಂದರು. ಗಂಡ ಊಟ ಮಾಡುತ್ತಾ, "ಸುಮ್ನ ಕುಂದ್ರಲಾಕ ಕರದಿದ್ರಲ್ಲ ನಿನಗ," ಎಂದಷ್ಟೇ ಹೇಳಿದರು.

ಮರುದಿನ ವ್ಯವಸ್ಥಾಪಕರ ಮನೆಗೆ ಹೋಗಿ ಆ ಕಟ್ಟನ್ನು ಕೇಳಿ ತಂದೆ. ಮೊದಲ ಸಲ ಓದಿದೆ.

ಒಂದರಲ್ಲಿ ಹೀಗಿತ್ತು: "ಇಷ್ಟು ದೊಡ್ಡ ಬಾಗಿಲಾ ಮಾಡ್ಯಾರ, ಚಿಲಕಾ ಹಾಕಲಾಕ ಎಷ್ಟು ಮಂದಿ ಬೇಕು? ನಮ್ಮನ್ಯಾಗ ನಾ ಒಬ್ಬಾಕಿನೇ ಹಾಕ್ತೇನಿ." ಇನ್ನೊಂದರಲ್ಲಿ: "ನೀರು ನೆಲದ ಬುಡಕ ನಡಕೋತ ಬರ್ತಿತ್ತಂತ. ನನ್ನ ತಲಿ ಮ್ಯಾಲ ಬರ್ತದ." ಮತ್ತೊಂದು, ಔರಾದ್ ದಾಟಿ ಒಂದು ಹಳ್ಳಿಯ ಹೆಸರಿದ್ದದ್ದು: "ರಾಜಾ ಅಡಗಿಮನ್ಯಾಗ ಹೊಗಿ ಹೋಗಲಾಕ ದಾರಿ ಬಿಟ್ಟಾನ. ನಮ್ಮನಿ ಯಜಮಾನ ಬಿಟ್ಟಿಲ್ಲ. ಕುರಿ ಕಾಯೋನು ರಾಜಾಗಿಂತ ಹೆಚ್ಚಂತ ತಿಳ್ಕೊಂಡಾನ. ಹುಡುಗಿ ಛಲೋ ತೋರಿಸ್ಯಾಳ. ಮೊಳಕಾಲು ಬ್ಯಾನಿ ಮರತೆ."

ಒಬ್ಬರ ಅಕ್ಷರ, ಹತ್ತಾರು ಬಾಯಿ. ಒಂದು ಬಾಯಿಯಂತೆ ಇನ್ನೊಂದಿಲ್ಲ. ಅದು ಕಾಣಲು ಕಾನ್ವೆಂಟು ಬೇಕಿರಲಿಲ್ಲ.

ಔರಾದಿಗೆ ಬಸ್ಸಿನಲ್ಲಿ ಹೋದೆ, ಅಲ್ಲಿಂದ ಆ ಚೀಟಿಯಲ್ಲಿದ್ದ ಹಳ್ಳಿಗೆ ಟಂಟಂ ರಿಕ್ಷಾದಲ್ಲಿ. ಹಳ್ಳಿಯ ಹೊರಗೆ ಜಾಲಿಮುಳ್ಳಿನ ಬೇಲಿಯ ಕುರಿಹಟ್ಟಿ. ಮೊದಲು ನಾಯಿ ಬಂತು, ಹಿಂದೆಯೇ ಒಬ್ಬ ಮುದುಕಿ. ನಾಯಿಯನ್ನು ಸುಮ್ಮನಾಗಿಸುವ ಅವಸರವೇನೂ ಆಕೆಗಿರಲಿಲ್ಲ.

"ಯಾವ ಆಫೀಸಿನಾಕಿ ನೀ? ಕುರಿ ಎಣಸಲಾಕ ಬಂದಿದ್ರ ಹಂಗೇ ತಿರುಗು. ಎಣಿಸಿದ್ರ ಕಮ್ಮಿ ಆಗ್ತಾವ."

"ಎಣಸಲ್ಲ ಆಯಿ. ಬೀದರ ಕೋಟಿ ನೋಡ್ಲಾಕ ಬಂದಿದ್ರೇನು ನೀವು?"

"ಬಂದಿದ್ರ ಏನು? ಏನರ ಕಳುವಾಗ್ಯಾದೇನು ಅಲ್ಲಿ?"

ಚೀಟಿ ತೆಗೆದು ಓದಿದೆ. ಯಜಮಾನನ ಮಾತಿಗೆ ಬಂದಾಗ ಮುದುಕಿ ನಾಯಿಗೆ ಒಂದು ಏಟು ಕೊಟ್ಟು ಕೂರಿಸಿ, ತಾನೂ ಕೂತಳು.

"ಇದು ನನ್ನ ಮಾತು. ನಿನ್ನ ಬಾಯಾಗ ಹ್ಯಾಂಗ ಬಂತು?"

ವಿಷಯ ಹೇಳಿದೆ. ಸಂಘಕ್ಕೆ ಅನುಮಾನ ಬಂದಿದೆ ಎಂದೆ. ಅನುಮಾನ ಯಾರದು ಎಂದು ಹೇಳಲಿಲ್ಲ. ಆಕೆ ಕೇಳುತ್ತಾ ಕೇಳುತ್ತಾ ಕೋಟೆಯ ಅಡುಗೆಮನೆಗೇ ಹೋಗಿಬಿಟ್ಟಳು. "ಆ ಹುಡುಗಿ ನಮ್ಮನ್ನ ಅಲ್ಲಿ ನಿಲ್ಲಿಸಿ, ಆಯಿ, ಇಷ್ಟು ಸಿಪಾಯಿಗೋಳಿಗೆ ರೊಟ್ಟಿ ಬಡೀಬೇಕಂದ್ರ ಎಷ್ಟು ಒಲಿ, ಎಷ್ಟು ಮಂದಿ, ಎಷ್ಟು ಚೀಲ ಜ್ವಾಳ ನೀವೇ ಹೇಳ್ರಿ ಅಂದಳು. ನಾವು ಹೆಣ್ಮಕ್ಕಳು ಜಗಳಾ ಮಾಡ್ಕೋತ ಲೆಕ್ಕಾ ಮಾಡಿದ್ವಿ. ಗಂಡಸ್ರು ಹೊರಗ ತೋಪು ನೋಡ್ಲತ್ತಿದ್ರು."

"ಆಯಿ, ಇದನ್ನ ನೀವೇ ಹೇಳಿದ್ದು ಅಂತ ಈ ಚೀಟಿಗೆ ಹೆಬ್ಬಟ್ಟು ಒತ್ತಿ ಕೊಡ್ತೀರೇನು?"

ಆಕೆಯ ಕೈ ಸೆರಗಿನೊಳಗೆ ಹೋಯಿತು. ಮುಖ ಬೇಲಿಯಾಯಿತು.

"ಅದಕ್ಕೇ ಬಂದೀಯೇನು ಮತ್ತ? ನಮ್ಮ ಮಾವ ಒಂದು ಸಲಾ ಒತ್ತಿದ್ದ. ಆ ಹೊಲದಾಗ ಈಗ ಬ್ಯಾರೆಯವ್ರ ತೊಗರಿ ಅದ."

"ಇದು ಹೊಲದ ಕಾಗದ ಅಲ್ಲ ಆಯಿ. ಒಂದು ಅಕ್ಷರಾನೂ ಮುಚ್ಚಿಡದೆ ಓದಿ ಹೇಳೀನಿ."

"ಅವನಿಗೂ ಓದಿನೇ ಹೇಳಿದ್ರವ್ವ." ಬೇಲಿಗೆ ನುಗ್ಗಿದ ಮರಿಯೊಂದನ್ನು ಹಿಂದಕ್ಕೆ ಅಟ್ಟಿದಳು. "ಬಾಯಿಲೆ ಹೇಳ್ತೇನಿ. ಎಲ್ಲಿ ಅಂತಿ ಅಲ್ಲಿ ಬಂದು ಹೇಳ್ತೇನಿ. ಒತ್ತಲ್ಲ."

ಹೇಳಿದಂತೆ ಬಂದಳು. ಎಂಟನೆಯ ದಿನ ಬಸ್ ನಿಲ್ದಾಣದಿಂದ ಅವಳನ್ನು ಕರೆದುಕೊಂಡು ಸಂಘದ ಕಚೇರಿಗೆ ಹೋದೆ. ಗೈಡು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಮುದುಕಿಯನ್ನು ಕಂಡು ಕಣ್ಣು ಅರಳಿದವು, ನನ್ನನ್ನು ಕಂಡು ಮೊದಲಿನಂತಾದವು. ಮುದುಕಿ ಕುರ್ಚಿ ಬೇಡವೆಂದು ನಿಂತೇ ಎಲ್ಲ ಹೇಳಿದಳು: ಬಾಗಿಲು, ಒಲೆ, ಹೊಗೆ, ಯಜಮಾನ. ವ್ಯವಸ್ಥಾಪಕರು ಕೆಟ್ಟವರೇನಲ್ಲ. ನಕ್ಕರು, ತಲೆಯಾಡಿಸಿದರು. ಆಮೇಲೆ ನಮೂನೆಯನ್ನು ತಿರುವಿ ಹಾಕಿದರು.

"ಆಯಿ, ನಿಮ್ಮ ಮಾತು ನನ್ನ ಕಿವಿಗೆ ಬಂತು. ಕಾಗದಕ್ಕ ಬರಬೇಕಲ್ಲ. ಬಾಯಿಲೆ ಹೇಳಿದ್ದಕ್ಕ ಇದರಾಗ ಜಾಗಾ ಇಲ್ಲ."

"ನಿನಗ ಬರಿಲಾಕ ಬರ್ತದಲ್ಲಪ್ಪ. ನೀ ಬರಕೋ."

"ನಾ ಬರದ್ರ ನನ್ನ ಕೈಬರಹ ಆಗ್ತದ."

"ಮತ್ತ ಆಕಿ ಬರದಿದ್ದಕ್ಕ ಯಾಕ ಬೈಲತ್ತೀರಿ?" ಎಂದಳು ಮುದುಕಿ.

ಕೊನೆಗೆ ವ್ಯವಸ್ಥಾಪಕರು ಒಂದು ದಾರಿ ತೆಗೆದರು. ನೋಟೀಸು ವಾಪಸು, ಗುತ್ತಿಗೆ ಸದ್ಯಕ್ಕೆ ಮೂರು ತಿಂಗಳು. ಆದರೆ ಇನ್ನು ಮೇಲೆ ಚೀಟಿಯನ್ನು ಪ್ರವಾಸಿಗಳು ತಮ್ಮ ಕೈಯಿಂದಲೇ ಬರೆಯಬೇಕು, ಕೆಳಗೆ ಫೋನ್ ನಂಬರು ಹಾಕಬೇಕು. ಬೇರೆಯವರು ಬರೆದದ್ದು ಲೆಕ್ಕಕ್ಕಿಲ್ಲ. ಚೀಟಿ ಕಡಿಮೆ ಬಿದ್ದರೆ ಮೂರು ತಿಂಗಳಿಗೆ ಕೆಲಸ ಮುಗಿಯಿತು. "ಇದನ್ನ ನಿಯಮ ಮಾಡಿ ಹಾಕೋಣು. ವೈನಿ, ಬರೀರಿ."

ಬರೆದೆ. ಅದು ಆಕೆಯನ್ನು ಉಳಿಸಿದ ಕಾಗದ ಎಂದುಕೊಂಡೇ ಬರೆದೆ. ಗೈಡು "ಆಯ್ತ್ರಿ ಸರ," ಎಂದು ಹೇಳಿ ಮುದುಕಿಯ ತೋಳು ಹಿಡಿದು ಮೆಟ್ಟಿಲು ಇಳಿಸಿದಳು. ನನಗೆ ಒಂದು ಮಾತೂ ಇಲ್ಲ. ಒಂದು ಮಾತು ಸಿಗಬಹುದೆಂದು ನಾನು ಕೈಚೀಲದ ಜಿಪ್ಪು ಎಳೆಯುತ್ತಾ ಸ್ವಲ್ಪ ಹೊತ್ತು ನಿಂತದ್ದು ನಿಜ.

ಬಸ್ಸು ಹತ್ತುವಾಗ ಮುದುಕಿ ನನಗೆ ಹೇಳಿದಳು, "ಎಳ್ಳ ಅಮಾಸಿ ಆದಮ್ಯಾಲ ಸೊಸೆಂದ್ರನ್ನ, ಓಣ್ಯಾಗಿನ ಹೆಣ್ಮಕ್ಕಳನ್ನ ಕರ್ಕೊಂಡು ಬರ್ತೇನಿ. ಅವ್ರಿಗೆ ಆ ಹೊಗಿ ದಾರಿ ತೋರಿಸಬೇಕು. ಫೋನ್ ಮಾಡಿಸ್ತೇನಿ, ನೀನೂ ಬಾ."

ಕಮಿಟಿಗೆ ನಾನು ಮತ್ತೆ ಹೋಗಲಿಲ್ಲ. ಕೋಟೆಗೆ ಹೋದೆ. ಅಂದು ಒಂಬತ್ತು ಜನ ಹೆಂಗಸರು ಟ್ರ್ಯಾಕ್ಟರಿನಿಂದ ಇಳಿದು, ರೊಟ್ಟಿಯ ಗಂಟು ಕಂಕುಳಲ್ಲಿಟ್ಟುಕೊಂಡು ದೊಡ್ಡ ಬಾಗಿಲ ನೆರಳಲ್ಲಿ ನಿಂತಿದ್ದರು. ಹತ್ತಿರದಲ್ಲೇ ಹೈದರಾಬಾದಿನ ಕಾಲೇಜು ಹುಡುಗಿಯರ ಒಂದು ಗುಂಪು, ಎಲ್ಲರ ಕೈಯಲ್ಲೂ ಫೋನು. ಗೈಡು ಅವರ ಕಡೆ ಹೊರಟಿದ್ದಳು. ಮುದುಕಿ ಕೂಗಿದಳು.

"ಏ ತಂಗಿ, ನಾ ಬಂದೀನಿ ನೋಡು."

ಗೈಡು ಓಡಿ ಬಂದಳು. ಮುದುಕಿಯ ಎರಡೂ ಕೈ ಹಿಡಿದುಕೊಂಡು, ಮೊಳಕಾಲು ಹೇಗಿದೆ ಎಂದು ಕೇಳಿದಳು. ಆಮೇಲೆ ಕೈ ಬಿಡದೆಯೇ ಕೇಳಿದಳು.

"ಆಯಿ, ಇವರಾಗ ಬರಿಲಾಕ ಬರೋರು ಯಾರರ ಅದಾರೇನು?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರಿಗಿಂತ ಸಣ್ಣ ಸೊಸೆ, "ನನಗ ಹೆಸರು ಬರಿಲಾಕ ಬರ್ತದ," ಎಂದಳು.

"ಹೆಸರು ಸಾಲಲ್ಲವ್ವ."

ನಾನು ಮುಂದೆ ಬಂದೆ. "ಅವರು ಹೇಳಲಿ, ನಾ ಬರದು ಕೊಡ್ತೇನಿ. ಒಂಬತ್ತೂ ಚೀಟಿ."

ಆಕೆ ನನ್ನನ್ನು ನೋಡಿದಳು. ದನಿ ಏರಿಸಲಿಲ್ಲ.

"ಒಂಬತ್ತೂ ಒಂದೇ ಕೈಬರಹ ಆಗ್ತಾವ್ರಿ ಮೇಡಂ. ಕಮಿಟಿಯಾಗ ಕಣ್ಣಿದ್ದೋರು ಅದಾರ."

ಮತ್ತೆ ಮುದುಕಿಯ ಕಡೆ ತಿರುಗಿ, "ಮೂರನೇ ತಿಂಗಳು ಮುಗಿಲತ್ತದ ಆಯಿ. ಇನ್ನೂ ಚೀಟಿ ಕಮ್ಮಿ ಬಿದ್ದಾವ. ಈ ಹುಡುಗೇರು ಬರೀತಾರ. ಸಿಟ್ಟಾಗಬ್ಯಾಡ್ರಿ," ಎಂದಳು.

"ಹೋಗವ್ವ, ನಿನ್ನ ರೊಟ್ಟಿ ನೀ ನೋಡ್ಕೋ," ಎಂದಳು ಮುದುಕಿ. ಅದರಲ್ಲಿ ಸಿಟ್ಟಿರಲಿಲ್ಲ. ನನ್ನ ಕಡೆ ತಿರುಗಿದಾಗ ಇತ್ತು. "ನಡಿ, ನೀ ತೋರಿಸು. ಓದಿದಾಕಿ ಇದ್ದಿ."

ಬೋರ್ಡುಗಳನ್ನು ಓದುತ್ತಾ ಹೋದೆ. ಯಾರು ಕಟ್ಟಿಸಿದರು, ಎಷ್ಟು ಕಂಬ. ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಂಡು ಸುಮ್ಮನೆ ಹಿಂದೆ ಬಂದರು. ಒಬ್ಬಳು ಆಕಳಿಸಿದಳು. ಅಡುಗೆಮನೆಗೆ ಬಂದಾಗ ಮುದುಕಿ ತಾನೇ ಮುಂದಾಗಿ ಒಲೆಯ ಮಾತು, ರೊಟ್ಟಿಯ ಮಾತು ಶುರು ಮಾಡಿದಳು. ಅರ್ಧಕ್ಕೆ ನೆನಪು ಕೈಕೊಟ್ಟಿತು. ಸಣ್ಣ ಸೊಸೆ ಮೇಲೆ ನೋಡುತ್ತಾ ಕೇಳಿದಳು, "ಹೊಗಿ ಎಲ್ಲಿಂದ ಹೋಗ್ತಿತ್ತು ಅತ್ತಿ?"

ಮುದುಕಿ ನನ್ನನ್ನು ನೋಡಿದಳು. ನಾನು ಚಾವಣಿ ನೋಡಿದೆ. ಕಪ್ಪು ಕಲೆಗಳಿದ್ದವು. ಯಾವುದು ಹೊಗೆಯದು, ಯಾವುದು ಮಳೆಯದು, ನನಗೆ ತಿಳಿಯಲಿಲ್ಲ.

ಗೋಡೆಯ ಆಚೆಯಿಂದ ಗೈಡಿನ ದನಿ ಬರುತ್ತಿತ್ತು. ಇಂಗ್ಲಿಷು. ಬಾಯಿಪಾಠ ಮಾಡಿದ್ದು, ತಪ್ಪಿಲ್ಲದ್ದು, ನಡುವೆ ಯಾರೂ ನಗದದ್ದು.

"ಆಕಿ ಏನು ಹೇಳ್ಲತ್ತಾಳ?" ಮುದುಕಿ ಕೇಳಿದಳು.

"ಉದ್ದ ಎಷ್ಟು, ಅಗಲ ಎಷ್ಟು ಅಂತ ಹೇಳ್ಲತ್ತಾಳ ಆಯಿ."

"ರೊಟ್ಟಿ ಮಾತು?"

"ಇಲ್ಲ."

ಮುದುಕಿ ಅಲ್ಲೇ ಗೋಡೆಗೆ ಒರಗಿ ಕೂತು ಗಂಟು ಬಿಚ್ಚಿದಳು. ಎಲ್ಲರ ಕೈಗೂ ಒಂದೊಂದು ರೊಟ್ಟಿ, ಮೇಲೆ ಶೇಂಗಾ ಹಿಂಡಿ. ನನ್ನ ಕೈಗೂ ಹಾಕಿದಳು, ಮುಖ ನೋಡದೆ.